ಟ್ರಿಂಕೋಮಲಿ ಹಡಗೂ ನಮ್ಮ ಕಾಡಿನ ರಹದಾರಿಯೂ

ನಾಟಾ ಡಿಪೋದ ಹರಾಜಿನಲ್ಲಿ ಡೊಂಕು ದಿಮ್ಮಿಗೆ ಗಿರಾಕಿ ಇಲ್ಲ. ಉದ್ದನೆಯ, ನೇರವಾದ, ಗಂಟಿಲ್ಲದ, ಒಳಗೆ ಪೊಳ್ಳಿಲ್ಲದ ಸಾಗವಾನಿ ಬಂತೆಂದರೆ ಹುಬ್ಬಳ್ಳಿಯ ವ್ಯಾಪಾರಿ ಎದ್ದು ಬಂದು ತಾನೇ ಟೇಪು ಹಿಡಿದು ಸುತ್ತಳತೆ ನೋಡುತ್ತಾನೆ. ಕೊಂಬೆ ಕವಲೊಡೆದ ಜಾಗದ ಸೊಟ್ಟ ತುಂಡು ಬಂದರೆ ಚಹಾ ಕುಡಿಯಲು ಹೊರಗೆ ಹೋಗುತ್ತಾನೆ. ದಾಂಡೇಲಿ, ಯಲ್ಲಾಪುರದ ಕಡೆಯ ಡಿಪೋಗಳಲ್ಲಿ ದಿಮ್ಮಿಗೆ ನಂಬರು ಬರೆಸಿ, ಸುತ್ತಿಗೆಯ ಮುದ್ರೆ ಹೊಡೆಸಿ, ರಹದಾರಿ ಹರಿದು ಕೊಟ್ಟೇ ನೌಕರಿ ಮುಗಿಸಿದವನು ನಾನು. ಹಾಗಾಗಿ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹಾರ್ಟ್ಲಿಪೂಲ್ ಬಂದರಿನಲ್ಲಿ ಎಚ್‌ಎಂಎಸ್ ಟ್ರಿಂಕೋಮಲಿ ಎಂಬ ಹಳೆಯ ಯುದ್ಧನೌಕೆಯೊಳಗೆ ಇಳಿದಾಗ ಎಲ್ಲರೂ ತೋಪುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನಾನು ಮರ ನೋಡುತ್ತಿದ್ದೆ.

ಹಡಗು ಕಟ್ಟುವವನ ಲೆಕ್ಕ ಹರಾಜಿನವನ ಲೆಕ್ಕಕ್ಕೆ ಪೂರಾ ಉಲ್ಟಾ. ಹಡಗಿನ ಹೊಟ್ಟೆ ಎಲ್ಲಿಯೂ ನೇರ ಇರುವುದಿಲ್ಲ. ಪಕ್ಕೆಲುಬಿನ ಮರಗಳು ಬಾಗಬೇಕು, ಮೂತಿಯ ಕಡೆಯವು ಇನ್ನಷ್ಟು ಬಾಗಬೇಕು, ತೊಲೆ ಬಂದು ಬದಿಗೆ ಕೂಡುವ ಮೂಲೆಗೆ ಮಡಚಿದ ಮೊಣಕಾಲಿನ ಆಕಾರದ ತುಂಡು ಬೇಕು. ನೇರ ದಿಮ್ಮಿಯನ್ನು ಗರಗಸಕ್ಕೆ ಕೊಟ್ಟು ಬಾಗು ತೆಗೆದರೆ ಮರದ ಎಳೆ ನಡುವೆ ಕಡಿದುಹೋಗುತ್ತದೆ. ಸಮುದ್ರ ಎತ್ತಿ ಕುಕ್ಕಿದ ದಿನ ಸರಿಯಾಗಿ ಅಲ್ಲಿಯೇ ಸೀಳುತ್ತದೆ. ಎಳೆ ತಾನಾಗಿ ಬಾಗಿ ಬೆಳೆದಿರಬೇಕು. ಅಂಥ ಮರ ಕಾಡಿನಲ್ಲಿ ನಿಂತಿರುವಾಗಲೇ ಹುಡುಕಬೇಕು: ಇಳಿಜಾರಿನಲ್ಲಿ ಹುಟ್ಟಿ ಬೆಳಕಿಗೆ ತಿರುಗಿದ್ದು, ಗಾಳಿಗೆ ಮಣಿದದ್ದು, ದೊಡ್ಡ ಕೊಂಬೆ ಕಾಂಡದಿಂದ ಹೊರಟ ಜಾಗ. ನಾವು ಸೌದೆಯ ರಾಶಿಗೆ ತಳ್ಳುವ ಮಾಲನ್ನು ಹಡಗುಕಟ್ಟೆಯವರು ಹೆಚ್ಚು ಬೆಲೆ ಕೊಟ್ಟು ಒಯ್ಯುತ್ತಿದ್ದರು.

ಹಡಗು ತೋರಿಸಲು ಬಂದ ಸ್ವಯಂಸೇವಕರು ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರು. ಅವರ ಇಂಗ್ಲಿಷು ನನಗೆ ಅರ್ಧ ಹಿಡಿಯುತ್ತಿರಲಿಲ್ಲ, ಜೊತೆಗಿದ್ದ ಮಗಳೇ ನಡುವೆ ನಿಂತು ಹೇಳುತ್ತಿದ್ದಳು. "ಅಪ್ಪಯ್ಯ, ಮುಟ್ಟಿ ನೋಡಬಹುದಂತೆ" ಅಂದಳು. ಹೆಬ್ಬೆರಳಿನಿಂದ ಒತ್ತಿ, ಗೆಣ್ಣಿನಿಂದ ತಟ್ಟಿದೆ. ಡಾಂಬರು, ಬಣ್ಣದ ವಾಸನೆ ಮಾತ್ರ. ಹೊಸದಾಗಿ ಕೊಯ್ದ ಸಾಗವಾನಿಯ ತೊಗಲಿನಂಥ ಘಮ ಯಾವತ್ತೋ ಹೋಗಿದೆ. ತಟ್ಟಿದರೆ ಬಂದ ಸದ್ದು ಮಾತ್ರ ಗಟ್ಟಿ. ಒಳಗೆ ಹುಳುವಿಲ್ಲ, ಕುಂಬಿಲ್ಲ. ನೀರಿಗಿಳಿದು ಇನ್ನೂರು ವರ್ಷ ದಾಟಿದ ಮರ. ಬ್ರಿಟನ್ನಿನ ಯುದ್ಧನೌಕೆಗಳಲ್ಲಿ ಇಂದಿಗೂ ನೀರಿನ ಮೇಲೆ ತೇಲುತ್ತಿರುವುದರಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ಹೆಸರುವಾಸಿಯಾದ ವಿಕ್ಟರಿ ಇದಕ್ಕಿಂತ ಹಿರಿಯದಾದರೂ ಅದು ಪೋರ್ಟ್ಸ್‌ಮತ್‌ನ ಒಣಕಟ್ಟೆಯಲ್ಲಿ ಕುಳಿತಿದೆ.

ಈ ಹಡಗು ಹುಟ್ಟಿದ್ದು ಮುಂಬಯಿಯಲ್ಲಿ. ಸೂರತ್ತಿನಲ್ಲಿ ಹಡಗು ಕಟ್ಟುತ್ತಿದ್ದ ಲವ್‌ಜಿ ನಸರ್ವಾನ್‌ಜಿ ವಾಡಿಯಾ ಎಂಬ ಪಾರ್ಸಿ ಬಡಗಿಯನ್ನು ಈಸ್ಟ್ ಇಂಡಿಯಾ ಕಂಪನಿ 1736ರಲ್ಲಿ ಮುಂಬಯಿಗೆ ಕರೆತಂದಿತು. ಅಲ್ಲಿಂದ ಮುಂದೆ ಮುಂಬಯಿ ಹಡಗುಕಟ್ಟೆಯ ಮೇಸ್ತ್ರಿಕೆ ಆ ಮನೆತನದಲ್ಲೇ ತಲೆಮಾರುಗಟ್ಟಲೆ ನಡೆಯಿತು. ನೆಪೋಲಿಯನ್ನನ ಜೊತೆಗಿನ ಯುದ್ಧಗಳಲ್ಲಿ ಇಂಗ್ಲೆಂಡಿನ ಓಕ್ ಮರ ಸಾಲದೆ ಹೋದಾಗ ಅಲ್ಲಿನ ನೌಕಾಪಡೆಯ ಕಣ್ಣು ಇತ್ತ ತಿರುಗಿತು. ಭಾರತದಲ್ಲಿ ಕಟ್ಟಿದ ಹಡಗುಗಳು ತಮ್ಮ ಕೆಲಸ ಕಸಿಯುತ್ತವೆ ಎಂದು ಥೇಮ್ಸ್ ದಡದ ಹಡಗು ಕಟ್ಟುವವರು ಗದ್ದಲ ಎಬ್ಬಿಸಿದ್ದೂ ಉಂಟು. ಆದರೂ 1810ರಲ್ಲಿ ಮುಂಬಯಿಯಿಂದ ಮಿಂಡನ್ ಹೊರಬಿತ್ತು. ಬ್ರಿಟಿಷ್ ನೌಕಾಪಡೆಯ ದೊಡ್ಡ ಯುದ್ಧನೌಕೆಗಳಲ್ಲಿ ಬ್ರಿಟನ್ನಿನ ಹೊರಗೆ ಕಟ್ಟಿದ ಮೊದಲನೆಯದು ಅದು. ಕಟ್ಟಿದವನು ಲವ್‌ಜಿಯ ಮೊಮ್ಮಗ ಜಮ್‌ಷೆಡ್‌ಜಿ ಬೊಮನ್‌ಜಿ ವಾಡಿಯಾ. ಟ್ರಿಂಕೋಮಲಿಯನ್ನು ಕಟ್ಟಿದವನೂ ಅವನೇ.

ಜಮ್‌ಷೆಡ್‌ಜಿಯ ಬಗ್ಗೆ ಒಂದು ಕತೆ ಉಳಿದಿದೆ. 1800ರಲ್ಲಿ ಅವನು ಕಟ್ಟಿದ ಕಾರ್ನ್‌ವಾಲಿಸ್ ಎಂಬ ಹಡಗಿನ ತಳದಲ್ಲಿ, ಯಾರ ಕಣ್ಣಿಗೂ ಬೀಳದ ತೊಲೆಯ ಮೇಲೆ, ಇದನ್ನು ಕಟ್ಟಿದವನು ಒಬ್ಬ ಕರಿಯ ಎಂದು, ಬಿಳಿಯರು ತನ್ನಂಥವರನ್ನು ಬಯ್ಯುವ ಮಾತನ್ನೇ ಸೇರಿಸಿ ಕೆತ್ತಿಸಿಟ್ಟನಂತೆ. ವರ್ಷಗಳ ಮೇಲೆ ಹಡಗು ರಿಪೇರಿಗೆ ಬಂದಾಗ ಅದನ್ನು ತಾನೇ ತೋರಿಸಿ ನಕ್ಕನಂತೆ. ನಿಜವೋ ಕಟ್ಟುಕತೆಯೋ, ಹಡಗುಕಟ್ಟೆಯ ಗಾಳಿ ಹೇಗಿತ್ತು ಎಂಬುದು ಅದರಲ್ಲಿ ತಿಳಿಯುತ್ತದೆ.

ಟ್ರಿಂಕೋಮಲಿಗೆ ಆದೇಶ ಹೊರಟದ್ದು 1812ರ ಅಕ್ಟೋಬರಿನಲ್ಲಿ. ನಕ್ಷೆಗಳನ್ನು ಹೊತ್ತು ಹೊರಟ ಜಾವಾ ಎಂಬ ಹಡಗು ಅದೇ ಡಿಸೆಂಬರಿನಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ಕಾನ್ಸ್ಟಿಟ್ಯೂಷನ್ ನೌಕೆಯ ಕೈಗೆ ಸಿಕ್ಕಿ ನಾಶವಾಯಿತು. ಅದರ ಜೊತೆ ನಕ್ಷೆಯೂ ಹೋಯಿತು. ಇನ್ನೊಂದು ಪ್ರತಿ ತರಿಸಬೇಕಾಯಿತು. ಆ ಕಾನ್ಸ್ಟಿಟ್ಯೂಷನ್ ಕೂಡ ಇನ್ನೂ ಇದೆ, ಬಾಸ್ಟನ್ ಬಂದರಿನಲ್ಲಿ ತೇಲುತ್ತಿದೆ. ನಕ್ಷೆ ಮುಳುಗಿಸಿದ ಹಡಗೂ ಆ ನಕ್ಷೆಯ ಹಡಗೂ ಅಟ್ಲಾಂಟಿಕ್ಕಿನ ಆಚೆ ಈಚೆ ಇಂದು ನೋಡಲು ಸಿಗುತ್ತವೆ.

1816ರ ಏಪ್ರಿಲ್‌ನಲ್ಲಿ ಮುಂಬಯಿಯಲ್ಲಿ ತಳದ ಉದ್ದ ತೊಲೆ ಇಟ್ಟರು. ಪಾರ್ಸಿ ಪದ್ಧತಿಯಂತೆ ಪೂಜೆ ಮಾಡಿ ಬೆಳ್ಳಿಯ ಮೊಳೆ ಹೊಡೆದರು. ನಮ್ಮ ಕರಾವಳಿಯಲ್ಲೂ ಹೊಸ ದೋಣಿಯ ತಳದ ಮರಕ್ಕೆ ಪೂಜೆಯಾಗದೆ ಬಡಗಿ ಉಳಿ ಎತ್ತುವುದಿಲ್ಲ. ಸುಮಾರು 150 ಅಡಿ ಉದ್ದ, 40 ಅಡಿ ಅಗಲದ ಹಡಗು 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಖರ್ಚು 23 ಸಾವಿರ ಪೌಂಡಿಗೂ ಸ್ವಲ್ಪ ಮೇಲೆ.

ಮರದವನಾಗಿ ಇಲ್ಲಿ ಒಂದು ಮಾತು ಹೇಳಬೇಕು. ಓಕ್ ಗಟ್ಟಿ ಮರವೇ, ಆದರೆ ಅದರಲ್ಲಿ ಹುಳಿ ಇದೆ, ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ಮೊಳೆ ತುಕ್ಕು ಹಿಡಿದು ಸಡಿಲವಾದ ಮೇಲೆ ಮರ ಎಷ್ಟು ಗಟ್ಟಿಯಿದ್ದರೇನು? ಸಾಗವಾನಿಯೊಳಗಿನ ಎಣ್ಣೆ ಮೊಳೆಯನ್ನು ಕಾಯುತ್ತದೆ, ಗೆದ್ದಲನ್ನೂ ದೂರ ಇಡುತ್ತದೆ, ನೀರು ಬಿಸಿಲುಗಳ ನಡುವೆ ಹಿಗ್ಗಿ ಕುಗ್ಗುವುದನ್ನು ಕಡಿಮೆ ಮಾಡುತ್ತದೆ. ಮುಂಬಯಿಯ ಬಡಗಿಗಳು ಅದರ ಮೇಲೆ ತಮ್ಮ ಕೈಚಳಕವನ್ನೂ ಸೇರಿಸುತ್ತಿದ್ದರು. ಹಲಗೆಯ ಅಂಚಿಗೆ ಅಂಚು ಸುಮ್ಮನೆ ತಾಗಿಸದೆ ಒಂದರ ಅಂಚಿನಲ್ಲಿ ಕಚ್ಚು ತೆಗೆದು ಇನ್ನೊಂದನ್ನು ಅದರೊಳಗೆ ಕೂರಿಸುವುದು ಪಶ್ಚಿಮ ಕರಾವಳಿಯ ಹಳೆಯ ಪದ್ಧತಿ. ಎಣ್ಣೆ, ರಾಳ, ಸುಣ್ಣಗಳನ್ನು ಕಲಸಿ ತಳಕ್ಕೆ ಬಳಿಯುವುದೂ ಹಾಗೆಯೇ.

ಆ ಮರ ಮುಂಬಯಿಗೆ ಬಂದದ್ದು ಎಲ್ಲಿಂದ? ಹಡಗಿನ ಕಾಗದಗಳಲ್ಲಿ ಇರುವ ಉತ್ತರ ಎರಡೇ ಶಬ್ದ: ಮಲಬಾರ್ ತೇಗ. ಇಲ್ಲಿಗೆ ಬಂದವರು ಅದನ್ನು ಓದಿ ಮುಂದೆ ಹೋಗುತ್ತಾರೆ. ನನಗೆ ಮುಂದೆ ಹೋಗಲು ಆಗಲಿಲ್ಲ.

ಘಟ್ಟದ ಸಾಗವಾನಿ ಅರಸರಿಗೆಲ್ಲ ಬೇಕಾದ ಮಾಲು. ಹೈದರಾಲಿ ಮಂಗಳೂರಿನಲ್ಲಿ ಕಟ್ಟಿಸಿಟ್ಟ ನೌಕೆಗಳನ್ನು 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಸುಟ್ಟು ಹಾಕಿದ. ಎರಡು ವರ್ಷದೊಳಗೆ ಅದೇ ಹ್ಯೂಸ್ ಸಿಂಹಳದ ಟ್ರಿಂಕೋಮಲಿ ಬಂದರಿಗಾಗಿ ಫ್ರೆಂಚ್ ಸೇನಾನಿ ಸುಫ್ರೆನ್ ಜೊತೆ ಕಾದಾಡಿದ. ಸುಫ್ರೆನ್ ಆಗ ಹೈದರನ ಮಿತ್ರ. 1782ರ ಜುಲೈಯಲ್ಲಿ ಕಡಲೂರಿನ ಬಳಿ ಇಬ್ಬರೂ ಭೇಟಿಯಾಗಿದ್ದರು. ಹಡಗು ಹೊತ್ತಿರುವುದು ಆ ಬಂದರಿನ ಹೆಸರನ್ನು. 1796ರಲ್ಲಿ ಟಿಪ್ಪು ಹೊಸ ನೌಕಾಪಡೆಗೆ ಯೋಜನೆ ಹಾಕಿ ಮಂಗಳೂರು, ಮಿರ್ಜಾನ, ಸದಾಶಿವಗಡಗಳ ಬಳಿ ಹಡಗು ಕಟ್ಟುವ ಜಾಗ ಗೊತ್ತು ಮಾಡಿದ್ದ. ಮೂರು ವರ್ಷದಲ್ಲಿ ಶ್ರೀರಂಗಪಟ್ಟಣ ಬಿತ್ತು, ಕನ್ನಡ ಜಿಲ್ಲೆ ಕಂಪನಿಯ ಕೈಗೆ ಹೋಯಿತು. ಟಿಪ್ಪುವಿನ ಹಡಗಿಗೆ ಆಗಬೇಕಿದ್ದ ಕಾಡು ಮುಂಬಯಿಯ ಹಡಗಿಗೆ ಆಯಿತು. ನಿಲಂಬೂರಿನ ಮರ ಚಾಲಿಯಾರ್ ಹೊಳೆಯಲ್ಲಿ ತೇಲಿ ಬೇಪೂರಿನ ಕಡೆ ಇಳಿಯಿತು, ನಮ್ಮ ಘಟ್ಟದ ಮರ ಕಾಳಿಯ ದಾರಿ ಹಿಡಿದು ಸದಾಶಿವಗಡದ ಕಡೆ ಇಳಿಯಿತು. ಅಲ್ಲಿಂದ ಎರಡಕ್ಕೂ ಸಮುದ್ರದ ದಾರಿ, ಉತ್ತರಕ್ಕೆ.

ತೇಲಿತು ಎಂದು ಹೇಳುವುದು ಸುಲಭ. ಹಸಿ ಸಾಗವಾನಿ ನೀರಿನಲ್ಲಿ ಮುಳುಗುತ್ತದೆ. ಅದಕ್ಕೇ ಬುಡದ ಸುತ್ತ ತೊಗಟೆಯನ್ನೂ ಅದರೊಳಗಿನ ಬಿಳಿ ಮರವನ್ನೂ ಉಂಗುರದಂತೆ ಕೆತ್ತಿ ಮರವನ್ನು ನಿಂತಲ್ಲೇ ಸಾಯಿಸಿ, ವರ್ಷ ಎರಡು ವರ್ಷ ಒಣಗಲು ಬಿಟ್ಟು, ಆಮೇಲೆ ಕೊಡಲಿ ಹಾಕುತ್ತಿದ್ದರು. ತುರ್ತಿದ್ದಾಗ ದಿಮ್ಮಿಗೆ ಬಿದಿರು ಕಟ್ಟಿ ತೇಲಿಸುತ್ತಿದ್ದರು. ಹೊಳೆಯ ದಂಡೆಯವರೆಗೆ ಎಳೆಯುವುದು ಆನೆಯ ಕೆಲಸ, ಕೋಣನ ಕೆಲಸ, ಮನುಷ್ಯರ ಕೆಲಸ. ಬೆಳ್ಳಿಯ ಮೊಳೆಯ ವಿಚಾರ ಬರೆದಿಟ್ಟವರಿದ್ದಾರೆ. ಉಂಗುರ ಕೆತ್ತಿದವನ ಹೆಸರು ಬರೆದಿಟ್ಟವರಿಲ್ಲ.

ಮುಖ್ಯ ಮಾತು ಇನ್ನೂ ಬಾಕಿ ಇದೆ. 1806ರ ನವೆಂಬರಿನಲ್ಲಿ ಕಂಪನಿ ಪೊಲೀಸು ಅಧಿಕಾರಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಕಾಡಿನ ಮೇಲೆ ಕೂರಿಸಿತು. ಭಾರತದ ಮೊದಲ ಅರಣ್ಯ ಸಂರಕ್ಷಣಾಧಿಕಾರಿ ಅವನು. ಸಂರಕ್ಷಣೆ ಎಂದರೆ ಆಗ ಅರ್ಥ ಒಂದೇ, ನೌಕಾಪಡೆಗೆ ಸಾಗವಾನಿ ತಪ್ಪದ ಹಾಗೆ ನೋಡಿಕೊಳ್ಳುವುದು. 1807ರ ಏಪ್ರಿಲ್‌ನಲ್ಲಿ ಹುಕುಂ ಹೊರಟಿತು: ಸಾಗವಾನಿಯ ಮೇಲಿನ ಹಕ್ಕು ಕಂಪನಿಯದು, ಅಪ್ಪಣೆ ಇಲ್ಲದೆ ಯಾರೂ ಕಡಿಯಕೂಡದು. ತನ್ನ ನೆಲದಲ್ಲಿ ಬೆಳೆದ ಮರವನ್ನೂ ಕಂಪನಿ ಹೇಳಿದ ಬೆಲೆಗೆ ಕಂಪನಿಗೇ ಕೊಡಬೇಕು. ಜಮೀನುದಾರರು, ಮರದ ವ್ಯಾಪಾರಿಗಳು, ರೈತರು ವರ್ಷಗಟ್ಟಲೆ ಗೊಣಗಿದರು. ಕೊನೆಗೆ 1823ರ ಹೊತ್ತಿಗೆ ಈ ಏಕಸ್ವಾಮ್ಯವನ್ನು ತೆಗೆದುಹಾಕಿದವನು ಮದರಾಸಿನ ಗವರ್ನರ್ ಥಾಮಸ್ ಮನ್ರೋ. 1799ರಲ್ಲಿ ಕನ್ನಡ ಜಿಲ್ಲೆಗೆ ಮೊದಲ ಕಲೆಕ್ಟರನಾಗಿ ಬಂದು, ಇಲ್ಲಿನ ಮಳೆಯಲ್ಲಿ ತೊಯ್ದು, ಮೂಲಿ ಹಕ್ಕಿನ ವ್ಯಾಜ್ಯಗಳನ್ನು ಕೇಳಿ ಹೋಗಿದ್ದ ಮನುಷ್ಯ ಅವನು. ನೆಲದ ಹಕ್ಕು ಎಂದರೆ ಈ ಕರಾವಳಿಯವರಿಗೆ ಏನು ಎಂಬುದು ಅವನಿಗೆ ತಿಳಿದಿತ್ತು.

ಈಗ ಎರಡೂ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಏಕಸ್ವಾಮ್ಯ ನಡೆದದ್ದು 1807ರಿಂದ 1823. ಟ್ರಿಂಕೋಮಲಿಯನ್ನು ಕಟ್ಟಿದ್ದು 1816, 1817. ಹಡಗಿನ ಸಾಗವಾನಿ ಕೊಡಲಿ ಕಂಡದ್ದು ಆ ಹುಕುಮಿನ ನಟ್ಟ ನಡುವೆ.

ಇಷ್ಟೆಲ್ಲ ಮಾಡಿ ಕಟ್ಟಿದ ಹಡಗು ಏನು ಮಾಡಿತು? ಅದು ನೀರಿಗಿಳಿಯುವ ಹೊತ್ತಿಗೆ ವಾಟರ್ಲೂ ಮುಗಿದು ಎರಡು ವರ್ಷವಾಗಿತ್ತು, ಶತ್ರುವೇ ಇರಲಿಲ್ಲ. ಇಂಗ್ಲೆಂಡಿಗೆ ಹೋಗುವ ದಾರಿಯಲ್ಲಿ 1819ರ ಜನವರಿಯಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ನಿಂತಿತು. ನೆಪೋಲಿಯನ್ ಅಲ್ಲೇ ಸೆರೆಯಲ್ಲಿದ್ದ. ಅವನನ್ನು ಪರೀಕ್ಷಿಸಿದ್ದ ಜಾನ್ ಸ್ಟೋಕೋ ಎಂಬ ವೈದ್ಯ ಈ ಹಡಗು ಹತ್ತಿ ಊರಿಗೆ ಮರಳಿದ. ಯಾವ ಶತ್ರುವಿಗಾಗಿ ಇದನ್ನು ಕಟ್ಟಿದರೋ ಅವನ ಹತ್ತಿರಕ್ಕೆ ಇದು ಹೋದದ್ದು ಅಷ್ಟೇ. ಅದೇ ಏಪ್ರಿಲ್‌ನಲ್ಲಿ ಪೋರ್ಟ್ಸ್‌ಮತ್ ತಲುಪಿದ ಮೇಲೆ ಕೂವೆಮರ ಬಿಚ್ಚಿ, ಮೇಲೆ ಚಾವಣಿ ಹೊದಿಸಿ ಕಟ್ಟಿಹಾಕಿದರು. ಕಾಲು ಶತಮಾನ ಹಾಗೆಯೇ ನಿಂತಿತ್ತು. ಓಕ್ ಹಡಗಾಗಿದ್ದರೆ ಅಷ್ಟರಲ್ಲಿ ಕೊಳೆತು ಹೋಗುತ್ತಿತ್ತು. 1847ರಿಂದ ವೆಸ್ಟ್ ಇಂಡೀಸ್, ಉತ್ತರ ಅಮೆರಿಕದ ಕಡೆ, 1852ರಿಂದ 1857ರವರೆಗೆ ಶಾಂತಸಾಗರದಲ್ಲಿ ಸುಮಾರು ಮುನ್ನೂರು ಜನರನ್ನು ಹೊತ್ತು ಸುತ್ತಿತು. ದೊಡ್ಡ ಕಾಳಗ ಒಂದನ್ನೂ ಮಾಡಲಿಲ್ಲ.

ಅದೃಷ್ಟ ಎನ್ನುವುದಾದರೆ ಅದೇ. ಅದರ ಮುಂಬಯಿ ಒಡಹುಟ್ಟಿದವರಲ್ಲಿ ಹೆಸರು ಮಾಡಿದವರಾರೂ ಉಳಿದಿಲ್ಲ. 1827ರಲ್ಲಿ ನವಾರಿನೋ ಕಾಳಗದ ಮುಂದಾಳು ನೌಕೆಯಾಗಿದ್ದ ಏಷಿಯಾ ಇಲ್ಲ. 1813ರಲ್ಲಿ ನೀರಿಗಿಳಿದ ಇನ್ನೊಂದು ಕಾರ್ನ್‌ವಾಲಿಸ್‌ನ ಮೇಲೆ 1842ರಲ್ಲಿ ನಾನ್‌ಜಿಂಗ್ ಒಪ್ಪಂದಕ್ಕೆ ಸಹಿಯಾಗಿ ಹಾಂಗ್‌ಕಾಂಗ್ ಬ್ರಿಟಿಷರ ಪಾಲಾಯಿತು. ಅದನ್ನು 1957ರಲ್ಲಿ ಒಡೆದರು. ವೆಲ್ಲೆಸ್ಲಿಯನ್ನು 1940ರಲ್ಲಿ ಥೇಮ್ಸ್ ನದಿಯಲ್ಲಿ ಜರ್ಮನ್ ವಿಮಾನಗಳು ಮುಳುಗಿಸಿದವು. ಹಾಯಿ ಯುಗದ ಮರದ ಹಡಗಿನ ಮೇಲೆ ವಿಮಾನದ ಬಾಂಬು ಬೀಳುವವರೆಗೂ ಸಾಗವಾನಿ ಬದುಕಿತ್ತು ಎಂಬುದೇ ಆಶ್ಚರ್ಯ.

ಟ್ರಿಂಕೋಮಲಿ 1860ರಿಂದ ನಾವಿಕರಿಗೆ ಪಾಠ ಹೇಳುವ ಹಡಗಾಯಿತು. 1897ರಲ್ಲಿ ಒಡೆಯುವವರಿಗೆ ಮಾರಾಟವಾಗಿತ್ತು. ಆಗ ಜೆಫ್ರಿ ವೀಟ್ಲಿ ಕಾಬ್ ಎಂಬ ಸಿರಿವಂತ ತನ್ನ ಫುಡ್ರೊಯಂಟ್ ಎಂಬ ಹಡಗು ಬಿರುಗಾಳಿಗೆ ಬ್ಲ್ಯಾಕ್‌ಪೂಲ್ ದಡಕ್ಕೆ ಅಪ್ಪಳಿಸಿ ಹೋದದ್ದರಿಂದ ಇದನ್ನು ಕೊಂಡು, ಅದೇ ಹೆಸರಿಟ್ಟು, ಹುಡುಗರ ತರಬೇತಿಗೆ ಬಳಸಿದ. ಆ ಪಾಠಶಾಲೆ 1986ರವರೆಗೆ ನಡೆಯಿತು. 1987ರಲ್ಲಿ ಹಡಗನ್ನು ಬೇರೊಂದು ತೇಲುಗಟ್ಟೆಯ ಮೇಲೆ ಹೊರಿಸಿ ಹಾರ್ಟ್ಲಿಪೂಲಿಗೆ ತಂದರು. 1992ರಲ್ಲಿ ಹಳೆಯ ಹೆಸರು ಮರಳಿತು. 2001ರಲ್ಲಿ ಜೀರ್ಣೋದ್ಧಾರ ಮುಗಿಯುವ ಹೊತ್ತಿಗೆ ಒಂದು ಕೋಟಿ ಪೌಂಡಿಗಿಂತ ಹೆಚ್ಚು ಖರ್ಚಾಗಿತ್ತು. ಅರ್ಧಕ್ಕಿಂತ ಹೆಚ್ಚು ಮರ ಇನ್ನೂ ಮುಂಬಯಿಯಲ್ಲಿ ಜೋಡಿಸಿದ್ದೇ.

ಹಾರ್ಟ್ಲಿಪೂಲ್ ತಾನೇ ಹಡಗು ಕಟ್ಟಿ ಬದುಕಿದ ಊರು. 1914ರ ಡಿಸೆಂಬರ್ 16ರಂದು ಜರ್ಮನ್ ನೌಕೆಗಳ ಗುಂಡು ತಿಂದ ಊರು. ನೆಪೋಲಿಯನ್ನನ ಕಾಲದಲ್ಲಿ ಒಡೆದ ಹಡಗಿನಿಂದ ದಡಕ್ಕೆ ಬಂದ ಕೋತಿಯನ್ನು ಫ್ರೆಂಚ್ ಗೂಢಚಾರನೆಂದು ನೇಣು ಹಾಕಿದರು ಎಂಬ ಕತೆಯನ್ನು ಊರಿನವರೇ ನಗುತ್ತ ಹೇಳುತ್ತಾರೆ. ಹಡಗುಕಟ್ಟೆಗಳು ಮುಚ್ಚಿದ ಮೇಲೆ ಕೆಲಸವಿಲ್ಲದ ಕೈಗಳಿಗೆ ಈ ಜೀರ್ಣೋದ್ಧಾರ ಕೆಲಸ ಕೊಟ್ಟಿತು. ಅದೇ ಜಾಗದಲ್ಲಿ ಊರಿನ ವಿಲಿಯಂ ಗ್ರೇ ಕಂಪನಿ 1934ರಲ್ಲಿ ಕಟ್ಟಿದ ವಿಂಗ್‌ಫೀಲ್ಡ್ ಕ್ಯಾಸಲ್ ಎಂಬ ಚಕ್ರದ ಉಗಿಹಡಗೂ ಇದೆ, ಹಂಬರ್ ನದಿ ದಾಟಿಸುತ್ತಿದ್ದದ್ದು. ಎರಡನೆಯ ಮಹಾಯುದ್ಧದ ಮರದ ರಕ್ಷಣಾದೋಣಿಯೊಂದಿದೆ. ಮಹಾಗನಿಯ ತೆಳು ಹಲಗೆಗಳನ್ನು ಓರೆಯಾಗಿ ಎರಡು ಪದರ ಹೊದಿಸಿದ್ದು. ಅಂಥವುಗಳ ಭಾಗಗಳನ್ನು ಮೇಜು ಕುರ್ಚಿ ಮಾಡುವ ಕಾರ್ಖಾನೆಗಳಲ್ಲೂ ತಯಾರಿಸಿ ಜೋಡಿಸುತ್ತಿದ್ದರಂತೆ. ಸೊಟ್ಟ ಮರ ಹುಡುಕಿಕೊಂಡು ಕಾಡಿಗೆ ಹೋಗುವ ಕಾಲ ಅಲ್ಲಿಗೆ ಮುಗಿದಿತ್ತು.

ನಮ್ಮ ಕಡೆ ಮಾತ್ರ ಆ ಕಾಲ ಮುಗಿಯಲಿಲ್ಲ. ಏಕಸ್ವಾಮ್ಯ ತೆಗೆದ ಮೇಲೆ ವ್ಯಾಪಾರಿಗಳು ಕಾಡಿಗೆ ನುಗ್ಗಿ ಸಿಕ್ಕಿದ್ದನ್ನೆಲ್ಲ ಕಡಿದರು. ಹಡಗಿನ ಮರ ಮತ್ತೆ ಸಾಲದಾಯಿತು. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕೊನೊಲಿಯೂ ಚಾತು ಮೆನನ್ನರೂ ನಿಲಂಬೂರಿನಲ್ಲಿ ಸಾಗವಾನಿ ನೆಟ್ಟು ಬೆಳೆಸಲು ಹಿಡಿದರು. 1847ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಅಲೆಕ್ಸಾಂಡರ್ ಗಿಬ್ಸನ್ ಅರಣ್ಯ ಸಂರಕ್ಷಣಾಧಿಕಾರಿಯಾದ. ಮುಂದಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಕುಮರಿ ಬೇಸಾಯದ ಮೇಲೆ ಕಟ್ಟು ಬಿತ್ತು. ರಾಗಿ ಬಿತ್ತಲು ಬೆಂಕಿ ಇಡುವವರಿಂದ ಬೆಲೆಬಾಳುವ ಮರ ಹಾಳಾಗುತ್ತದೆ ಎಂಬುದು ಕಾರಣ. ಬೆಟ್ಟದ ಮೇಲಿನ ಕುಣಬಿಗಳಿಗೆ ನೌಕಾಪಡೆ ಎಂದರೆ ಏನೆಂದೇ ಗೊತ್ತಿರಲಿಕ್ಕಿಲ್ಲ. ಅದರ ಬಿಸಿ ಅವರ ಹೊಲಕ್ಕೆ ತಟ್ಟಿತು. 1865ರಲ್ಲಿ, ಆಮೇಲೆ 1878ರಲ್ಲಿ ಕಾಯಿದೆಗಳು ಬಂದವು. ಹಡಗು ಕಬ್ಬಿಣದ್ದಾಯಿತು, ಮರ ರೈಲಿನ ಪಾಲಾಯಿತು. ಹುಕುಮಿನ ಒಳಗಿದ್ದ ನಂಬಿಕೆ ಮಾತ್ರ ಉಳಿಯಿತು: ನೆಲ ನಿನ್ನದಿರಬಹುದು, ಅದರ ಮೇಲಿನ ಸಾಗವಾನಿ ಪೂರ್ತಿ ನಿನ್ನದಲ್ಲ.

ನಾನು ಬರೆದು ಕೊಟ್ಟ ರಹದಾರಿಗಳ ಹಿಂದೆ ಇರುವುದೂ ಅದೇ ನಂಬಿಕೆ. ತನ್ನ ಹಿತ್ತಲಿನಲ್ಲಿ ತಾನೇ ನೆಟ್ಟ ಸಾಗವಾನಿಯನ್ನು ಮಗಳ ಮದುವೆಗೆ ಕಡಿಯಲು ಬಂದ ರೈತ ಅರ್ಜಿ ಹಿಡಿದು ನಿಲ್ಲುತ್ತಿದ್ದ. ಪಹಣಿ ತನ್ನಿ, ಸ್ಥಳ ಪರಿಶೀಲನೆ ಆಗಲಿ, ಆಮೇಲೆ ನೋಡೋಣ ಎನ್ನುತ್ತಿದ್ದೆವು. "ನಾನು ನೆಟ್ಟ ಮರಕ್ಕೆ ನಿಮ್ಮ ಅಪ್ಪಣೆ ಯಾಕ್ರೀ ಸಾಹೇಬ್ರೇ?" ಎಂದು ಕೇಳಿದವರಿಗೆ ಕಾನೂನು ಎಂದಷ್ಟೇ ಹೇಳುತ್ತಿದ್ದೆ. ರಹದಾರಿ ಬೇಡ ಎಂದು ಈಗಲೂ ಹೇಳಲಾರೆ. ಅದಿಲ್ಲದ ಕಾಲದಲ್ಲಿ ಘಟ್ಟದ ಗತಿ ಏನಾಯಿತು ಎಂಬುದು 1823ರ ನಂತರದ ಕತೆಯಲ್ಲೇ ಇದೆ. ಆದರೆ ಆ ಕಾನೂನು ಹುಟ್ಟಿದ್ದು ಕಾಡಿನ ಮೇಲಿನ ಕರುಣೆಯಿಂದಲ್ಲ, ಹಡಗಿನ ಹಸಿವಿನಿಂದ. ರೈತ ಕೇಳಿದ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಅದು. ಕಚೇರಿಯ ಯಾವ ಕಡತದಲ್ಲೂ ನನಗದು ಸಿಕ್ಕಿರಲಿಲ್ಲ.

ಟ್ರಿಂಕೋಮಲಿಯನ್ನು ನೋಡಲು ಹೋಗುವವರು ಹೋಗಲೇಬೇಕು. ಮೂತಿಯಲ್ಲಿ ಮುಂಡಾಸು ಕಟ್ಟಿದ ಮನುಷ್ಯನ ಕೆತ್ತನೆ ನೋಡಲಿ, ತಗ್ಗು ತೊಲೆಗಳ ಕೆಳಗೆ ತಲೆ ಬಗ್ಗಿಸಿ ನಡೆಯಲಿ, ಜಮ್‌ಷೆಡ್‌ಜಿಗೆ ಒಂದು ನಮಸ್ಕಾರ ಹಾಕಲಿ. ಕಟ್ಟಿದವನಿಗೆ ಅಲ್ಲಿ ಸಿಗುವ ಗೌರವ ತಕ್ಕದ್ದೇ. ಮರದ ಪಾಲಿಗೆ ಮಾತ್ರ ಎರಡು ಶಬ್ದ ಸಾಲದು. ಮಲಬಾರ್ ತೇಗ ಎಂದು ಬರೆದ ಕೆಳಗೆ ಇನ್ನೊಂದು ಸಾಲು ಬೇಕು: ಈ ಮರಗಳನ್ನು ಕಡಿದ ಕಾಲದಲ್ಲಿ, ಇವು ಬೆಳೆದ ನೆಲದ ರೈತನಿಗೆ ಇವನ್ನು ಅಪ್ಪಣೆಯಿಲ್ಲದೆ ಕಡಿಯುವ ಹಕ್ಕೂ ಇರಲಿಲ್ಲ, ತನಗೆ ಸರಿಕಂಡ ಬೆಲೆಗೆ ಮಾರುವ ಹಕ್ಕೂ ಇರಲಿಲ್ಲ.